ಮಕ್ಕಳು ಅದನ್ನು ಮುಚ್ಚಳಿಕೆ ಅಂದುಕೊಂಡರು

ಶಾಲೆಗಳಲ್ಲಿ ಆಪ್ತಸಲಹೆ ಮಾಡುವ ನನ್ನ ಹತ್ತಿರ ಈಚೆಗೆ ಮಕ್ಕಳಷ್ಟೇ ಟೀಚರ್‌ಗಳೂ ಬರುತ್ತಾರೆ. ಇದು ಅಂಥ ಒಬ್ಬರ ಪ್ರಕರಣ: ಏನು, ಎಷ್ಟು ಕಲಿಯಬೇಕು ಅಂತ ಮಗು ಮತ್ತು ಟೀಚರ್ ಸೇರಿ ಬರೆದುಕೊಳ್ಳುವ ಕಲಿಕಾ ಒಪ್ಪಂದವನ್ನು ಮಾಡಹೊರಟವರದು. ಬರೆಯಲು ಅವರು ಒಪ್ಪಿದ್ದಾರೆ, ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ.

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಏಳನೇ ತರಗತಿ, 38 ಮಕ್ಕಳು, ಗಣಿತ. ಬಂದು ಕೂತವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಮೇಡಂ, ನಾನು ಹತ್ತು ಹನ್ನೆರಡು ಮಕ್ಕಳಿಗೆ ಮಾತ್ರ ಪಾಠ ಮಾಡಿ ಪೂರ್ತಿ ಸಂಬಳ ತಗೋತಿದ್ದೀನಿ ಅನ್ಸುತ್ತೆ" ಅಂದರು. ಮುಂದಿನ ಬೆಂಚಿನ ಒಬ್ಬಳು ಬೋರ್ಡ್ ಮೇಲೆ ಲೆಕ್ಕ ಬರೆಯುವಷ್ಟರಲ್ಲಿ ಉತ್ತರ ಹೇಳಿಬಿಡುತ್ತಾಳೆ, ಆಮೇಲೆ ಅರ್ಧ ಗಂಟೆ ಪಕ್ಕದವರ ಜಡೆ ಎಳೆಯುತ್ತಾ ಕೂತಿರುತ್ತಾಳೆ. ಹಿಂದೆ ಕೂರುವ ಹುಡುಗನೊಬ್ಬ ಬೋರ್ಡ್ ನೋಡಿ ಅಚ್ಚುಕಟ್ಟಾಗಿ ಕಾಪಿ ಮಾಡುತ್ತಾನೆ, ಸ್ವಂತವಾಗಿ ಒಂದೂ ಬಿಡಿಸುವುದಿಲ್ಲ. ಮಧ್ಯದವರಿಗೆ ಪಾಠ ಮಾಡಿ ಬೆಲ್ ಹೊಡೆದ ಮೇಲೆ ಇಬ್ಬರ ಮುಖ ನೋಡೋಕೂ ಆಗಲ್ಲ ಅಂತ ಅತ್ತರು.

ಮೊದಲು ಆ ತಪ್ಪಿತಸ್ಥ ಭಾವನೆ ಬಗ್ಗೆ ಮಾತಾಡಿದೆವು. 40 ನಿಮಿಷದ ಪೀರಿಯಡ್ ಅನ್ನು 38 ಮಕ್ಕಳಿಗೆ ಹಂಚಿದರೆ ಒಬ್ಬರಿಗೆ ಬರುವುದು ಒಂದು ನಿಮಿಷ ಚಿಲ್ಲರೆ. ಅದು ಅವರ ಅಸಡ್ಡೆ ಅಲ್ಲ. ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಆರರಿಂದ ಎಂಟನೇ ತರಗತಿಗೆ 35 ಮಕ್ಕಳಿಗೆ ಒಬ್ಬರು ಶಿಕ್ಷಕರು ಅಂತ ಇದೆ, ಇವರ ಕ್ಲಾಸಿನಲ್ಲಿ ಅದಕ್ಕಿಂತ ಜಾಸ್ತಿ.

ಆಮೇಲೆ ಬ್ಯಾಗಿನಿಂದ ಒಂದು ಜೆರಾಕ್ಸ್ ಹಾಳೆ ತೆಗೆದರು. ತರಬೇತಿಯೊಂದರಲ್ಲಿ ಕಲಿಕಾ ಒಪ್ಪಂದದ ಬಗ್ಗೆ ಕೇಳಿ, ಹುರುಪಿನಿಂದ ಮಾಡಿಸಿದ್ದಂತೆ. 38 ಮಕ್ಕಳಿಗೂ ಒಂದೇ ಹಾಳೆ. "ನಾನು ದಿನಕ್ಕೆ ಹತ್ತು ಲೆಕ್ಕ ಮಾಡುತ್ತೇನೆ. ತಪ್ಪಿದರೆ ಶಿಕ್ಷಕರು ತೆಗೆದುಕೊಳ್ಳುವ ಕ್ರಮಕ್ಕೆ ಬದ್ಧನಾಗಿರುತ್ತೇನೆ." ಕೆಳಗೆ ವಿದ್ಯಾರ್ಥಿ ಸಹಿ, ಪೋಷಕರ ಸಹಿ. ವಾರ ಕಳೆದರೂ ಸಹಿಯಾಗಿ ಬಂದಿದ್ದು ಒಂಬತ್ತು. ಒಬ್ಬ ತಾಯಿಯಂತೂ ಕೂಲಿ ಬಿಟ್ಟು ಶಾಲೆಗೇ ಓಡಿ ಬಂದು, "ನನ್ ಮಗ ಏನ್ ತಪ್ಪು ಮಾಡ್ದ ಮಿಸ್, ಟಿಸಿ ಕೊಟ್ಬಿಡ್ತೀರಾ?" ಅಂತ ಕೇಳಿದ್ದಾರೆ.

ಆ ತಾಯಿ ಸರಿಯಾಗೇ ಅರ್ಥ ಮಾಡಿಕೊಂಡಿದ್ದರು. ನಮ್ಮ ಶಾಲೆಗಳಲ್ಲಿ ಮಕ್ಕಳ ಕೈಲಿ ಸಹಿ ಹಾಕಿಸುವ ಕಾಗದ ಅಂದರೆ ಮುಚ್ಚಳಿಕೆ. ಗಲಾಟೆ ಮಾಡಿದವನು, ಕಿಟಕಿ ಗಾಜು ಒಡೆದವನು ಬರೆದುಕೊಡುವುದು. ಆ ಹಾಳೆಯಲ್ಲಿ ಟೀಚರ್ ಏನು ಮಾಡುತ್ತಾರೆ ಅಂತ ಒಂದು ಸಾಲೂ ಇಲ್ಲ, ಮಗು ಏನು ಆರಿಸಿಕೊಳ್ಳಬಹುದು ಅಂತಲೂ ಇಲ್ಲ. ಒಂದು ಕಡೆಯವರು ಮಾತ್ರ ಮಾತು ಕೊಟ್ಟರೆ ಅದನ್ನು ಒಪ್ಪಂದ ಅನ್ನೋಕಾಗುತ್ತಾ? ಇದನ್ನು ಹೇಳಿದಾಗ ಟೀಚರ್ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಹೌದಲ್ವಾ ಮೇಡಂ, ನಾನೇ ಇಲ್ಲ ಇದರಲ್ಲಿ" ಅಂದರು.

ಈ ಪದ್ಧತಿ ಹೊಸದೇನಲ್ಲ. ಅಮೆರಿಕದಲ್ಲಿ ಹೆಲೆನ್ ಪಾರ್ಕ್‌ಹರ್ಸ್ಟ್ ಅನ್ನುವ ಶಿಕ್ಷಕಿ 1920ರ ಸುಮಾರಿಗೇ ತಿಂಗಳ ಕೆಲಸವನ್ನು ಒಪ್ಪಂದದ ರೂಪದಲ್ಲಿ ಮಕ್ಕಳಿಗೆ ಕೊಟ್ಟು, ಅವರವರ ವೇಗದಲ್ಲಿ ಮುಗಿಸಲು ಬಿಡುತ್ತಿದ್ದರು. ಅದಕ್ಕೆ ಡಾಲ್ಟನ್ ಪ್ಲಾನ್ ಅಂತ ಹೆಸರು. ಅಷ್ಟು ದೂರ ಯಾಕೆ, ನಮ್ಮ ಸರ್ಕಾರಿ ಶಾಲೆಗಳ ನಲಿಕಲಿ ಇದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿದ್ದು. ಕಲಿಕಾ ಏಣಿಯ ಮೆಟ್ಟಿಲುಗಳನ್ನು ಮಕ್ಕಳು ಕಾರ್ಡುಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಹತ್ತುತ್ತಾರೆ. ಒಂದೇ ಕೋಣೆಯಲ್ಲಿ ಒಬ್ಬಳು ಇಪ್ಪತ್ತನೇ ಮೆಟ್ಟಿಲಲ್ಲಿ, ಇನ್ನೊಬ್ಬ ಎಂಟನೆಯದರಲ್ಲಿ. ಈ ಏಳನೇ ತರಗತಿ ಮಕ್ಕಳೂ ಮೂರನೇ ತರಗತಿವರೆಗೆ ಹಾಗೇ ಕಲಿತವರು. ನಾಲ್ಕಕ್ಕೆ ಬಂದ ಕೂಡಲೇ ಎಲ್ಲರಿಗೂ ಒಂದೇ ಪುಟ ಆಗಿಹೋಯಿತು. ಹಾಗಾಗಿ ಟೀಚರ್‌ಗೆ ನಾನು ಹೇಳಿದ್ದು, ನೀವು ಹೊಸದೇನೂ ಕಲಿಸಬೇಕಿಲ್ಲ, ಅವರಿಗೆ ಗೊತ್ತಿದ್ದದ್ದನ್ನು ನೆನಪಿಸಿ ಸಾಕು ಅಂತ.

ಆ ಜೆರಾಕ್ಸ್ ಬಿಟ್ಟುಬಿಡಿ, 38 ಮಕ್ಕಳ ಜೊತೆ ಬೇಡ, ಐದು ಮಕ್ಕಳ ಜೊತೆ ಒಂದೇ ವಾರ ಮಾಡಿ ಅಂದೆ. ಒಪ್ಪಂದಕ್ಕೆ ಮೊದಲು ಮಗುವಿಗೆ ಏನು ಬರುತ್ತೆ ಅಂತ ಹತ್ತು ನಿಮಿಷ ಪಕ್ಕದಲ್ಲಿ ಕೂತು ನೋಡಿ. ಇದನ್ನು ಮಾತ್ರ ಬಿಡಲೇಬೇಡಿ ಅಂತ ಒತ್ತಿ ಹೇಳಿದೆ.

ಮುಂದಿನ ಸಲ ನಾನೇ ಶಾಲೆಗೆ ಹೋಗಿದ್ದೆ. ಕಾಪಿ ಮಾಡುವ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು 503ರಿಂದ 78 ಕಳಿ ಅಂದೆವು. 575 ಅಂತ ಬರೆದ. ಸುಮ್ನೆ ಏನೋ ಗೀಚಿದ್ದಲ್ಲ ಅದು. ಎಂಟರಲ್ಲಿ ಮೂರು ಹೋದರೆ ಐದು, ಏಳರಲ್ಲಿ ಸೊನ್ನೆ ಹೋದರೆ ಏಳು, ಐದು ಹಾಗೇ ಇಳಿಸಿದ. ಯಾವುದು ಮೇಲಿದೆ, ಯಾವುದು ಕೆಳಗಿದೆ ಅಂತ ನೋಡದೆ ದೊಡ್ಡದರಿಂದ ಚಿಕ್ಕದು ಕಳೆಯುತ್ತಿದ್ದ. ಅವನಿಗೆ ಒಂದು ನಿಯಮ ಇತ್ತು, ಅದನ್ನೇ ತಪ್ಪದೆ ಪಾಲಿಸುತ್ತಿದ್ದ. ಸಾಲ ತಗೊಂಡು ಕಳೆಯುವುದು ಮಾತ್ರ ಅವನಿಗೆ ಯಾವತ್ತೂ ಅರ್ಥವಾಗಿರಲಿಲ್ಲ. ಟೀಚರ್ ಅವನ ಹೆಗಲ ಮೇಲೆ ಕೈಯಿಟ್ಟು ನನ್ನ ಕಡೆ ನೋಡಿದರು. ಇಷ್ಟು ದಿನ ಅವನ ಮುಂದೆ ಲ.ಸಾ.ಅ. ತೆಗೆದು ಭಿನ್ನರಾಶಿ ಕೂಡಿಸುವುದು ನಡೆದಿತ್ತು.

ಅವನ ಜೊತೆ ಟೀಚರ್ ಮಾಡಿಕೊಂಡ ಒಪ್ಪಂದ ಅರ್ಧ ಪುಟದ್ದು, ಅವನದೇ ಅಕ್ಷರ. ಕಾಗದದ ನೋಟುಗಳಲ್ಲಿ ನೂರರ ನೋಟು ಚಿಲ್ಲರೆ ಮಾಡಿ, ಹತ್ತರ ನೋಟು ಚಿಲ್ಲರೆ ಮಾಡಿ, ದಿನಕ್ಕೆ ಮೂರು ಕಳೆಯುವ ಲೆಕ್ಕ. ಯಾವ ಮೂರು ಅನ್ನೋದು ಅವನ ಆಯ್ಕೆ. ಮನೆಗೆಲಸ ಬೇಡ ಅಂದ, ಸಂಜೆ ಹಸು ನೋಡಿಕೊಳ್ಳಬೇಕು, ಎಲ್ಲ ಶಾಲೆಯಲ್ಲೇ ಮಾಡ್ತೀನಿ ಅಂದ. ಟೀಚರ್ ಒಪ್ಪಿದರು. ಮಿಸ್ ಏನು ಮಾಡಬೇಕು, ನೀನೇ ಬರಿ ಅಂದಾಗ ಬಹಳ ಹೊತ್ತು ಪೆನ್ಸಿಲ್ ಕಚ್ಚಿಕೊಂಡು ಕೂತಿದ್ದ. ಆಮೇಲೆ ಬರೆದ: "ಮಿಸ್ ನನ್ನ ಪುಸ್ತಕ ಎಲ್ಲರಿಗೂ ತೋರಿಸಬಾರದು." ಟೀಚರ್ ಆ ಸಾಲಿನ ಕೆಳಗೆ ಸಹಿ ಹಾಕಿದರು. ಅದನ್ನು ಇವತ್ತಿಗೂ ಮುರಿದಿಲ್ಲ.

ಚುರುಕಿನ ಹುಡುಗಿಗೆ ಇದುವರೆಗೆ ಬೇಗ ಮುಗಿಸಿದ್ದಕ್ಕೆ ಸಿಗುತ್ತಿದ್ದದ್ದು ಅದೇ ಥರದ ಇನ್ನೂ ಹತ್ತು ಲೆಕ್ಕ. ಅದು ಶಿಕ್ಷೆಯೇ ಅಲ್ವಾ? ಬರುತ್ತೆ ಅಂತ ತೋರಿಸಿದ ಲೆಕ್ಕಗಳನ್ನೆಲ್ಲ ಅವಳ ಒಪ್ಪಂದದಲ್ಲಿ ಬಿಟ್ಟೆವು. ಬದಲಿಗೆ ಅವಳೇ ಆರಿಸಿದ್ದು ಬಿಸಿಯೂಟದ ಅಕ್ಕಿ. ಆರರಿಂದ ಎಂಟನೇ ತರಗತಿ ಮಕ್ಕಳಿಗೆ ತಲಾ 150 ಗ್ರಾಂ, ಅಂದರೆ ಕಿಲೋದಲ್ಲಿ 3/20. ಅದನ್ನು 38ರಿಂದ ಗುಣಿಸಿದರೆ 5 ಕಿಲೋ 700 ಗ್ರಾಂ. ಹಾಜರಿ 31 ಇದ್ದ ದಿನ 4 ಕಿಲೋ 650 ಗ್ರಾಂ. ವಾರವಿಡೀ ಅಡುಗೆ ಅಕ್ಕನ ಹತ್ತಿರ ಹೋಗಿ ಅಳತೆ ಕೇಳಿ ಬರೆದುಕೊಂಡು, ಐದನೇ ತರಗತಿವರೆಗಿನವರಿಗೆ 100 ಗ್ರಾಂ ಅಂತ ಅಕ್ಕನಿಂದ ತಿಳಿದ ಮೇಲೆ, ಇಡೀ ಶಾಲೆಯ ಲೆಕ್ಕಕ್ಕೇ ಕೈ ಹಾಕಿದಳು. ಜಡೆ ಎಳೆಯೋಕೆ ಟೈಮ್ ಇಲ್ಲ ಈಗ.

ಟೀಚರ್‌ಗೆ ಇದ್ದ ಭಯ ಒಂದೇ. ಶಾಲೆಗಳಿಗೆ ಭೇಟಿ ಕೊಡುವ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದು, ಎಲ್ಲರ ಪುಸ್ತಕದಲ್ಲೂ ಒಂದೇ ಲೆಕ್ಕ ಯಾಕಿಲ್ಲ ಅಂದರೆ? ಒಪ್ಪಂದದ ಹಾಳೆ, ಮಾಡಿದ ಕೆಲಸ ಎರಡನ್ನೂ ಮಗುವಿನ ಕೆಲಸಗಳನ್ನು ಕೂಡಿಡುವ ಕೃತಿ ಸಂಪುಟದಲ್ಲಿ ಇಡಿ, ಮುಖ್ಯ ಶಿಕ್ಷಕರಿಗೆ ಈಗಲೇ ಹೇಳಿಬಿಡಿ ಅಂದೆ. ಪೋಷಕರ ಸಹಿ ತೆಗೆದುಬಿಡಿ ಅಂತಲೂ ಹೇಳಿದೆ. ಮಗು ತಾನಾಗೇ ಮನೆಯಲ್ಲಿ ತೋರಿಸಿದರೆ ತೋರಿಸಲಿ. ವಾರದ ಮಧ್ಯೆ ಒಂದು ದಿನ ಪ್ರತಿ ಮಗುವಿನ ಜೊತೆ ಮೂರು ನಿಮಿಷ ಕೂರಬೇಕು, ಆಗದಿದ್ದನ್ನು ಅಲ್ಲೇ ಇಬ್ಬರೂ ಸೇರಿ ತಿದ್ದಬೇಕು. ಈ ಮೂರು ನಿಮಿಷ ಬಿಟ್ಟರೆ ಒಪ್ಪಂದ ಮತ್ತೆ ಮುಚ್ಚಳಿಕೆ ಆಗುತ್ತೆ.

ಐವರಲ್ಲಿ ಮೂವರಿಗೆ ಚೆನ್ನಾಗಿ ಹೊಂದಿತು. ಒಬ್ಬಳು ಎರಡನೇ ದಿನವೇ, ನನಗೆ ಎಲ್ಲರ ಜೊತೆ ಬೋರ್ಡ್ ನೋಡೋದೇ ಇಷ್ಟ ಮಿಸ್ ಅಂದಳು. ಬಿಟ್ಟೆವು. ಇನ್ನೊಬ್ಬ ಬರೆದುಕೊಂಡ ಒಪ್ಪಂದವನ್ನೇ ಓದಲಾಗದೆ ಕೂತಿದ್ದ. ಅವನ ತೊಂದರೆ ಗಣಿತದ್ದಲ್ಲ, ಅಕ್ಷರಗಳು ಅದಲು ಬದಲಾಗಿ ಬರುತ್ತವೆ. ಅವನ ತಂದೆ ತಾಯಿ ಜೊತೆ ಮಾತಾಡಿ, ಕಲಿಕಾ ನ್ಯೂನತೆಯ ಪರೀಕ್ಷೆಗೆ ಜಿಲ್ಲಾ ಆಸ್ಪತ್ರೆಗೆ ಕಳಿಸಿದ್ದೇನೆ. ಅಲ್ಲಿಯವರೆಗೆ ಅವನ ಒಪ್ಪಂದ ಬಾಯಿಮಾತಿನದು, ಹೇಳಿದ್ದನ್ನು ಟೀಚರ್ ಬರೆದುಕೊಳ್ಳುತ್ತಾರೆ. ಮುಂದಿನ ತಿಂಗಳು ಇನ್ನೂ ಆರು ಮಕ್ಕಳನ್ನು ಸೇರಿಸಿಕೊಳ್ಳುತ್ತಾರಂತೆ.

ಕಳೆಯುವ ಲೆಕ್ಕದ ಹುಡುಗ ಮೂರನೇ ವಾರದ ಒಪ್ಪಂದವನ್ನು ತಾನೇ ಬರೆದು ತಂದಿದ್ದ. ದಿನಕ್ಕೆ ಮೂರು ಅಂತಿದ್ದದ್ದನ್ನು ಹೊಡೆದು ಹಾಕಿ ನಾಲ್ಕು ಮಾಡಿದ್ದ.