ಅರಬ್ಬರು ಗ್ರೀಕರ ಪುಸ್ತಕ ಕಾಪಾಡಿಕೊಟ್ಟಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲವಾ?

ನೀವು ಕೇಳಿದ್ದು ಇಷ್ಟೇ ಅಲ್ವಾ: ಗ್ರೀಕರು ಬರೆದರು, ಬಾಗ್ದಾದಿನವರು ಅದನ್ನು ಕೆಲವು ನೂರು ವರ್ಷ ಜೋಪಾನ ಮಾಡಿದರು, ಆಮೇಲೆ ಯುರೋಪಿಗೆ ವಾಪಸ್ ಕೊಟ್ಟರು, ಅಷ್ಟೇ ತಾನೇ ಅಂತ. ನಾನು ಬಿ.ಎ.ಯಲ್ಲಿ ತತ್ತ್ವಶಾಸ್ತ್ರ ಓದುವಾಗ ನಮ್ಮ ನೋಟ್ಸಿನಲ್ಲೂ ಹೀಗೇ ಇತ್ತು. ಅರಿಸ್ಟಾಟಲ್ ಮುಗಿದ ಪುಟದ ಕೊನೆಯಲ್ಲಿ 'ಅರಬ್ ಅನುವಾದಕರು' ಅಂತ ಎರಡು ಸಾಲು, ಪುಟ ತಿರುಗಿಸಿದರೆ 13ನೇ ಶತಮಾನದ ಕ್ರಿಶ್ಚಿಯನ್ ತತ್ತ್ವಜ್ಞಾನಿ ಥಾಮಸ್ ಅಕ್ವಿನಾಸ್. ನಡುವಿನ 1500 ವರ್ಷ ಮಾಯ! ಪರೀಕ್ಷೆಗೆ ಅಷ್ಟು ಸಾಕಾಗಿತ್ತು, ನಾನೂ ಸುಮ್ನೆ ಬರೆದು ಪಾಸಾದೆ.

'ಕಾಪಾಡಿದರು' ಅನ್ನೋ ಮಾತೇ ಅರ್ಧ ಸರಿ. ಅರಿಸ್ಟಾಟಲ್‌ನ ಗ್ರೀಕ್ ಪ್ರತಿಗಳು ಕಾನ್‌ಸ್ಟಾಂಟಿನೋಪಲ್ ಕಡೆ ಇದ್ದೇ ಇದ್ದವು. 13ನೇ ಶತಮಾನದಲ್ಲಿ ಮೂರ್‌ಬೆಕೆಯ ವಿಲಿಯಂ ಅನ್ನೋ ಪಾದ್ರಿ ನೇರ ಗ್ರೀಕಿನಿಂದಲೇ ಲ್ಯಾಟಿನ್ನಿಗೆ ತಂದ. ಆದರೂ ಪ್ಯಾರಿಸ್ಸಿನ ವಿದ್ಯಾರ್ಥಿಗಳು ಅರಿಸ್ಟಾಟಲ್ ಜೊತೆಗೆ ಸ್ಪೇನಿನ ಮುಸ್ಲಿಂ ತತ್ತ್ವಜ್ಞಾನಿ ಇಬ್ನ್ ರುಶ್ದ್‌ನ ವ್ಯಾಖ್ಯಾನವನ್ನು ಪಕ್ಕದಲ್ಲಿಟ್ಟುಕೊಂಡೇ ಓದಿದರು. ಯಾಕೆ? ಪುಸ್ತಕ ಸಿಕ್ಕರೆ ಸಾಲದು, ಅದರ ಜೊತೆ ಹೇಗೆ ಜಗಳ ಆಡಬೇಕು ಅಂತಲೂ ಗೊತ್ತಾಗಬೇಕು. ಯುರೋಪಿಗೆ ಬಂದದ್ದು ಆ ಜಗಳ.

'ಅರಬ್ಬರು' ಅನ್ನೋದೂ ಅರ್ಧ ಸರಿ. ಬಾಗ್ದಾದಿನ ಅನುವಾದಕರಲ್ಲಿ ದೊಡ್ಡ ಹೆಸರು ಹುನೈನ್ ಇಬ್ನ್ ಇಸ್‌ಹಾಕ್. ಅವನು ಸಿರಿಯಾಕ್ ಭಾಷೆಯ ಕ್ರಿಶ್ಚಿಯನ್. ವೈದ್ಯ ಗ್ಯಾಲೆನ್‌ನ ಒಂದೇ ಒಂದು ಪುಸ್ತಕ ಹುಡುಕಿಕೊಂಡು ಇರಾಕ್, ಸಿರಿಯಾ, ಪ್ಯಾಲೆಸ್ತೀನ್, ಈಜಿಪ್ಟ್ ಎಲ್ಲಾ ಸುತ್ತಿ, ಕೊನೆಗೆ ದಮಾಸ್ಕಸ್‌ನಲ್ಲಿ ಅರ್ಧ ಮಾತ್ರ ಸಿಕ್ಕಿತು ಅಂತ ಅವನೇ ಬರೆದಿದ್ದಾನೆ. ಅಂದಹಾಗೆ, ನಮ್ಮೂರುಗಳಲ್ಲಿ 'ಯುನಾನಿ ದವಾಖಾನೆ' ಬೋರ್ಡು ನೋಡಿರುತ್ತೀರಲ್ಲ, ಆ ಯುನಾನ್ ಅಂದರೆ ಗ್ರೀಸ್. ಗ್ಯಾಲೆನ್‌ನ ವೈದ್ಯಪದ್ಧತಿ ಹುನೈನ್, ಇಬ್ನ್ ಸೀನಾ ಅಂಥವರ ಕೈ ದಾಟಿ ಇಲ್ಲಿಗೆ ಬಂತು.

ಈಗ ಆ ಇಬ್ನ್ ಸೀನಾ, ವೈದ್ಯನೂ ಹೌದು, ತತ್ತ್ವಜ್ಞಾನಿಯೂ ಹೌದು. ಹುಟ್ಟಿದ್ದು 980ರಲ್ಲಿ, ಬುಖಾರಾ ಹತ್ತಿರ. ಅವನು ಅರಿಸ್ಟಾಟಲ್‌ನ 'ಮೆಟಾಫಿಸಿಕ್ಸ್' (ಇರುವಿಕೆ ಅಂದರೇನು ಅನ್ನೋ ಪುಸ್ತಕ) ಅನ್ನು 40 ಸಲ ಓದಿದನಂತೆ, ಬಾಯಿಪಾಠ ಆಯಿತಂತೆ, ತಲೆಗೆ ಮಾತ್ರ ಏನೂ ಹತ್ತಲಿಲ್ಲ. ಒಂದು ದಿನ ಪುಸ್ತಕದ ಅಂಗಡಿಯವನು ಬೇಡ ಬೇಡ ಅಂದರೂ ಬಿಡದೆ 3 ದಿರ್ಹಮ್‌ಗೆ ಒಂದು ಪುಸ್ತಕ ಗಂಟು ಹಾಕಿದ. ಅದು ಅವನಿಗಿಂತ ಹಿಂದಿನ ತತ್ತ್ವಜ್ಞಾನಿ ಅಲ್ ಫಾರಾಬಿ ಅದೇ 'ಮೆಟಾಫಿಸಿಕ್ಸ್' ಬಗ್ಗೆ ಬರೆದದ್ದು. ಮನೆಗೆ ಹೋಗಿ ಓದಿದ, ಎಲ್ಲಾ ಬಿಡಿಸಿಕೊಂಡಿತು. ಮಾರನೇ ದಿನ ಖುಷಿಗೆ ಬಡವರಿಗೆ ದಾನ ಮಾಡಿದ. (ನಮ್ಮ ಕಾಲದ ಗೈಡುಗಳಿಗೆ ಯಾರೂ ಹೀಗೆ ದಾನ ಮಾಡಿದ್ದು ನಾನು ನೋಡಿಲ್ಲ.)

ಇಷ್ಟು ಕಷ್ಟಪಟ್ಟು ಅರ್ಥ ಮಾಡಿಕೊಂಡವನು ಅರಿಸ್ಟಾಟಲ್ ಹೇಳಿದ್ದನ್ನೇ ಹೇಳಿಕೊಂಡು ಕೂರಲಿಲ್ಲ. ಒಂದು ವಸ್ತು 'ಏನು' ಅನ್ನೋದು ಬೇರೆ, ಅದು 'ಇದೆ' ಅನ್ನೋದು ಬೇರೆ ಅಂತ ಗಟ್ಟಿಯಾಗಿ ಬೇರೆ ಮಾಡಿದ. ಗಂಡಭೇರುಂಡ ತಗೊಳ್ಳಿ. ಎರಡು ತಲೆಯ ಹಕ್ಕಿ, ನಮ್ಮ ಸರ್ಕಾರದ ಲಾಂಛನದಲ್ಲೇ ಇದೆ, ಮಕ್ಕಳೂ ಗುರುತು ಹಿಡಿಯುತ್ತಾರೆ. ಅದು ಏನು ಅಂತ ನಮಗೆ ಚೆನ್ನಾಗಿ ಗೊತ್ತು. ಆದರೆ ಎಷ್ಟು ಯೋಚಿಸಿದರೂ, ಆ ತಿಳಿವಳಿಕೆಯಿಂದ 'ಹಾಗಾದರೆ ಎಲ್ಲೋ ಒಂದು ಇದೆ' ಅಂತ ಹೊರಡುವುದಿಲ್ಲ. ಹಸು, ಮರ, ನೀವು, ನಾನು ಎಲ್ಲರದ್ದೂ ಇದೇ ಕಥೆ. ನಾವು ಇದ್ದೇವೆ, ಇಲ್ಲದೆಯೂ ಇರಬಹುದಿತ್ತು, ಹಾಗಾಗಿ ನಮ್ಮ ಇರುವಿಕೆ ಬೇರೆ ಕಡೆಯಿಂದ ಬರಬೇಕು. ಹೀಗೆ ಹಿಂದೆ ಹಿಂದೆ ಹೋದರೆ, ಇಲ್ಲದೆ ಇರಲು ಸಾಧ್ಯವೇ ಇಲ್ಲದ ಒಂದು ಇರಬೇಕು. ಅದು ದೇವರು ಅಂದ.

1085ರಲ್ಲಿ ಸ್ಪೇನಿನ ಟೊಲೆಡೊ ನಗರ ಮುಸ್ಲಿಮರಿಂದ ಕ್ರಿಶ್ಚಿಯನ್ನರ ಕೈಗೆ ಬಂತು. ಮುಂದಿನ ನೂರು ವರ್ಷದಲ್ಲಿ ಅಲ್ಲಿ ಭರ್ಜರಿ ಅನುವಾದ ನಡೆಯಿತು. ಆತ್ಮದ ಬಗ್ಗೆ ಇಬ್ನ್ ಸೀನಾ ಬರೆದ ಪುಸ್ತಕವನ್ನು ಅಲ್ಲಿ ಇಬ್ಬರು ಕೂತು ಮಾಡಿದರು. ಒಬ್ಬ ಯಹೂದಿ ವಿದ್ವಾಂಸ ಅರಬಿ ನೋಡಿ ಊರಿನ ಆಡುಮಾತಿನಲ್ಲಿ ಒಂದೊಂದೇ ಪದ ಹೇಳುತ್ತಿದ್ದ, ಗುಂಡಿಸಾಲ್ವಿ ಅನ್ನೋ ಪಾದ್ರಿ ಅದನ್ನು ಲ್ಯಾಟಿನ್ನಿನಲ್ಲಿ ಬರೆದುಕೊಳ್ಳುತ್ತಿದ್ದ. ಅಕ್ವಿನಾಸ್ ಹರೆಯದಲ್ಲಿ ಬರೆದ ಚಿಕ್ಕ ಪುಸ್ತಕವೊಂದರಲ್ಲಿ ಇಬ್ನ್ ಸೀನಾ ಮಾಡಿದ ಈ 'ಏನು' ಮತ್ತು 'ಇದೆ' ವ್ಯತ್ಯಾಸವೇ ಬೆನ್ನೆಲುಬು. ಅಕ್ವಿನಾಸ್ ಕೊಟ್ಟ ಉದಾಹರಣೆ ಫೀನಿಕ್ಸ್ ಹಕ್ಕಿ. ಗಂಡಭೇರುಂಡ ನನ್ನ ತಲೆಗೆ ಬಂದದ್ದೇ ಅದರಿಂದ.

ಮುಸ್ಲಿಂ ಜಗತ್ತಿನ ಒಳಗೂ ಜಗಳ ಜೋರಾಗಿತ್ತು. 1095ರ ಸುಮಾರಿಗೆ ಧರ್ಮಶಾಸ್ತ್ರಜ್ಞ ಅಲ್ ಗಜಾಲಿ ಈ ತತ್ತ್ವಜ್ಞಾನಿಗಳ ಮೇಲೆ 20 ಆರೋಪ ಹೊರಿಸಿ ಪುಸ್ತಕ ಬರೆದ. ಅದರಲ್ಲಿ ನನಗೆ ಇಷ್ಟದ್ದು ಹತ್ತಿ ಮತ್ತು ಬೆಂಕಿಯ ಮಾತು. ಬೆಂಕಿ ತಾಗಿದಾಗ ಹತ್ತಿ ಸುಡುವುದನ್ನು ನೋಡುತ್ತೇವೆ, ಸರಿ. ಆದರೆ ಬೆಂಕಿ'ಯಿಂದ' ಸುಟ್ಟಿತು ಅನ್ನೋದನ್ನು ಎಲ್ಲಿ ನೋಡಿದೆವು? ಒಂದರ ಜೊತೆ ಇನ್ನೊಂದು ಆಗಿದ್ದು ಮಾತ್ರ ಕಾಣುತ್ತದೆ. 18ನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ ಹೆಚ್ಚುಕಮ್ಮಿ ಹೀಗೇ ಕೇಳಿದ. ಹಾಗಂತ 'ಹ್ಯೂಮ್ ಕದ್ದ' ಅಂತ ವಾಟ್ಸಾಪ್ ಫಾರ್ವರ್ಡ್ ಬಂದರೆ ನಂಬಬೇಡಿ. ಹೋಲಿಕೆ ಬೇರೆ, ಪ್ರಭಾವ ಬೇರೆ. ತಮಾಷೆ ಏನೆಂದರೆ, ಇದೇ ಗಜಾಲಿ ತತ್ತ್ವಜ್ಞಾನಿಗಳ ವಾದವನ್ನು ಸಂಗ್ರಹಿಸಿ ಇನ್ನೊಂದು ಪುಸ್ತಕ ಬರೆದಿದ್ದ. ಲ್ಯಾಟಿನ್ ಓದುಗರಿಗೆ ಮೊದಲು ಸಿಕ್ಕಿದ್ದು ಅದು, ಹಾಗಾಗಿ ತುಂಬಾ ಜನ ಅವನನ್ನು ಇಬ್ನ್ ಸೀನಾ ಕಡೆಯವನು ಅಂದುಕೊಂಡರು!

ಗಜಾಲಿಗೆ ಉತ್ತರ ಕೊಟ್ಟವನು ಕಾರ್ಡೊಬಾದ ಖಾಜಿ ಇಬ್ನ್ ರುಶ್ದ್. ಕಾರಣವನ್ನೇ ಅಲ್ಲಗಳೆದರೆ ಬುದ್ಧಿಯನ್ನೇ ಅಲ್ಲಗಳೆದ ಹಾಗೆ ಅನ್ನೋದು ಅವನ ವಾದ. ವಯಸ್ಸಾದ ಮೇಲೆ, 1195ರಲ್ಲಿ, ಅವನನ್ನು ಊರಿನಿಂದ ಹೊರಗೆ ಹಾಕಿದರು, ಪುಸ್ತಕಗಳನ್ನು ಸುಟ್ಟರು. 1198ರಲ್ಲಿ ಮರ‍್ರಾಕೆಶ್‌ನಲ್ಲಿ ತೀರಿಕೊಂಡ. ಆಮೇಲೆ ಹೆಣವನ್ನು ಕಾರ್ಡೊಬಾಕ್ಕೆ ಸಾಗಿಸುವಾಗ ಪ್ರಾಣಿಯ ಬೆನ್ನ ಒಂದು ಪಕ್ಕ ಶವಪೆಟ್ಟಿಗೆ, ಇನ್ನೊಂದು ಪಕ್ಕ ತೂಕಕ್ಕೆ ಅವನದೇ ಪುಸ್ತಕಗಳು. ಕಣ್ಣಾರೆ ನೋಡಿದ ಸೂಫಿ ಇಬ್ನ್ ಅರಬಿ ಇದನ್ನು ಬರೆದಿಟ್ಟಿದ್ದಾನೆ.

ಆ ಪುಸ್ತಕಗಳು ಪ್ಯಾರಿಸ್ಸಿನಲ್ಲಿ ಎಬ್ಬಿಸಿದ ಗಲಾಟೆ ಸಣ್ಣದಲ್ಲ. 1210ರಲ್ಲೇ ಅಲ್ಲಿ ಅರಿಸ್ಟಾಟಲ್‌ನ ಪ್ರಕೃತಿ ಶಾಸ್ತ್ರದ ಪುಸ್ತಕ, ಅದರ ವ್ಯಾಖ್ಯಾನ ಎರಡನ್ನೂ ಪಾಠ ಮಾಡಬಾರದು ಅಂತ ನಿಷೇಧ ಇತ್ತು. 1255ಕ್ಕೆ ಅರಿಸ್ಟಾಟಲ್ಲೇ ಸಿಲಬಸ್! ಎಲ್ಲ ಮನುಷ್ಯರಿಗೂ ಸೇರಿ ಬುದ್ಧಿ ಒಂದೇ ಅಂತ ಇಬ್ನ್ ರುಶ್ದ್ ಹೇಳಿದ್ದ. ಹಾಗಾದರೆ 'ಈ ಮನುಷ್ಯ ಯೋಚಿಸುತ್ತಾನೆ' ಅನ್ನೋಕೇ ಆಗಲ್ಲವಲ್ಲ ಅಂತ ಅಕ್ವಿನಾಸ್ 1270ರಲ್ಲಿ ಸಿಟ್ಟಿನಿಂದಲೇ ಒಂದು ಪುಸ್ತಕ ಬರೆದ. ಹೀಗೆ ಜಗಳ ಆಡಿದ ಅಕ್ವಿನಾಸ್ ಬೇರೆ ಕಡೆ ಎಷ್ಟೋ ಸಲ ಇಬ್ನ್ ರುಶ್ದ್‌ನನ್ನು ಹೆಸರು ಹಿಡಿಯದೆ 'ವ್ಯಾಖ್ಯಾನಕಾರ' ಅಂತ ಕರೆದಿದ್ದಾನೆ. ಅಷ್ಟು ಹೇಳಿದರೆ ಯಾರು ಅಂತ ಎಲ್ಲರಿಗೂ ಗೊತ್ತಾಗುತ್ತಿತ್ತು. 1277ರ ಮಾರ್ಚ್ 7ರಂದು ಪ್ಯಾರಿಸ್ಸಿನ ಬಿಷಪ್ 219 ಮಾತುಗಳನ್ನು ಖಂಡಿಸಿ ಪಟ್ಟಿ ಹೊರಡಿಸಿದ. ಅದರಲ್ಲಿ ಕೆಲವು ಅಕ್ವಿನಾಸ್‌ಗೂ ತಾಗುತ್ತಿದ್ದವು. ಅವನು ಸತ್ತು ಅವತ್ತಿಗೆ ಸರಿಯಾಗಿ 3 ವರ್ಷ.

ಬಂದದ್ದೆಲ್ಲ ಸರಿಯಾಗೇ ಬಂತು ಅಂತಲೂ ಅಲ್ಲ. ಅರಿಸ್ಟಾಟಲ್ ನಾಟಕದ ಬಗ್ಗೆ ಬರೆದದ್ದು ಅರಬಿಗೆ ಬಂದಾಗ, ಆ ಥರದ ನಾಟಕವನ್ನೇ ಯಾರೂ ನೋಡಿರಲಿಲ್ಲ. ಆಟ ನೋಡದವರು ಯಕ್ಷಗಾನದ ಪ್ರಸಂಗ ಪುಸ್ತಕ ಓದಿದ ಹಾಗೆ. ಟ್ರಾಜಿಡಿ ಅಂದರೆ ಹೊಗಳುವ ಪದ್ಯ, ಕಾಮಿಡಿ ಅಂದರೆ ಬೈಯುವ ಪದ್ಯ ಅಂತಾಯಿತು. ಇಬ್ನ್ ರುಶ್ದ್ ಹಾಗೇ ವಿವರಿಸಿದ, 1256ರಲ್ಲಿ ಅದು ಲ್ಯಾಟಿನ್ನಿಗೂ ಹೋಯಿತು. ಗ್ರೀಕಿನಿಂದ ನೇರ ಬಂದ ಅನುವಾದಕ್ಕಿಂತ ಜನ ಇದನ್ನೇ ಜಾಸ್ತಿ ಓದಿದರು. ಹೊಗಳುವುದು, ತೆಗಳುವುದು ಅವರಿಗೂ ಗೊತ್ತಿದ್ದ ಕೆಲಸ ತಾನೇ.

ಓದಲು ಶುರು ಮಾಡೋದಾದರೆ ಇಬ್ನ್ ಸೀನಾನ ಆತ್ಮಕಥೆ ತಗೊಳ್ಳಿ, ಕೆಲವೇ ಪುಟ, ಇಂಗ್ಲಿಷಿನಲ್ಲಿ ಸಿಗುತ್ತದೆ. ಆಸಾಮಿಗೆ ಜಂಬ ಸ್ವಲ್ಪ ಜಾಸ್ತಿ, ಅದನ್ನು ಸಹಿಸಿಕೊಂಡರೆ ಆಯಿತು. 'ಮೆಟಾಫಿಸಿಕ್ಸ್' ಮಾತ್ರ ಮೊದಲಿಗೇ ಹಿಡಿಯಬೇಡಿ. ನಾನು ಇನ್ನೂ ಮೂರನೇ ಸಲದಲ್ಲಿದ್ದೇನೆ.