ಒಂದೇ ಕಿಣ್ವದ ಡೇಟಾಗೆ ಎಕ್ಸೆಲ್‌ನಲ್ಲಿ ಒಂದು ವಿಮ್ಯಾಕ್ಸ್ (ಕಿಣ್ವದ ಗರಿಷ್ಠ ವೇಗ), ‘ಆರ್’ ಎಂಬ ಅಂಕಿಅಂಶ ಸಾಫ್ಟ್‌ವೇರಿನಲ್ಲಿ ಇನ್ನೊಂದು ಬರುತ್ತಿದೆ. ಎಕ್ಸೆಲ್‌ನಲ್ಲಿ ಆರ್-ಸ್ಕ್ವೇರ್ 0.98 ಇದೆ. ಎರಡನೇ ಡೇಟಾಗೆ ಆರ್‌ನಲ್ಲಿ ಎರರ್ ಬರುತ್ತಿದೆ. ಯಾವುದನ್ನು ಬರೆಯಲಿ?

ಆರ್‌ನಲ್ಲಿ ಎನ್‌ಎಲ್‌ಎಸ್ (ಬಾಗಿದ ರೇಖೆಯನ್ನೇ ನೇರವಾಗಿ ಹೊಂದಿಸುವ ಫಂಕ್ಷನ್) ಕೊಟ್ಟದ್ದನ್ನೇ ಬರೆಯಿರಿ. ಎಕ್ಸೆಲ್‌ನಲ್ಲಿ ನೀವು ಮಾಡಿದ್ದು 1934ರಲ್ಲಿ ಲೈನ್‌ವೀವರ್ ಮತ್ತು ಬರ್ಕ್ ತೋರಿಸಿಕೊಟ್ಟ ವಿಧಾನ: ಕಿಣ್ವದ ವೇಗ, ಸಬ್‌ಸ್ಟ್ರೇಟ್ (ಕಿಣ್ವ ಯಾವುದರ ಮೇಲೆ ಕೆಲಸ ಮಾಡುತ್ತದೋ ಆ ವಸ್ತು) ಸಾಂದ್ರತೆ ಎರಡನ್ನೂ ತಲೆಕೆಳಗು ಮಾಡಿ (1/ವೇಗ, 1/ಸಾಂದ್ರತೆ) ಸರಳರೇಖೆ ಎಳೆಯುವುದು. ಗ್ರಾಫ್ ಹಾಳೆ, ಸ್ಕೇಲು ಮಾತ್ರ ಇದ್ದ ಕಾಲಕ್ಕೆ ಅದು ದೊಡ್ಡ ಉಪಕಾರ. ಇವತ್ತಿಗೂ ಲ್ಯಾಬ್ ರೆಕಾರ್ಡುಗಳಲ್ಲಿ ಅಂತಿಮ ಅಂಕಿಯನ್ನು ಅದರಿಂದಲೇ ತೆಗೆಯುವುದು ನೋಡಿದರೆ ಬೇಸರವಾಗುತ್ತದೆ.

ಕಾರಣ ಅಂಕಿಗಳಲ್ಲೇ ಇದೆ. ಆರ್ ಜೊತೆಗೇ ಬರುವ ‘ಪ್ಯೂರೋಮೈಸಿನ್’ ಡೇಟಾ ತೆರೆದು, ಪ್ಯೂರೋಮೈಸಿನ್ (ಒಂದು ಆ್ಯಂಟಿಬಯೋಟಿಕ್) ಹಾಕಿದ 12 ಅಳತೆಗಳನ್ನಷ್ಟೇ ಇಟ್ಟುಕೊಳ್ಳಿ. 0.02 ಸಾಂದ್ರತೆಯಲ್ಲಿ ವೇಗ 76 ಮತ್ತು 47, 1.10ರಲ್ಲಿ 207 ಮತ್ತು 200. ಮೊದಲ ಜೋಡಿಯ ಅಂತರ 29, ಎರಡನೆಯದರದು 7. ಸುಮಾರು ನಾಲ್ಕು ಪಟ್ಟು. ತಲೆಕೆಳಗು ಮಾಡಿದ ಮೇಲೆ ಅದೇ ಅಂತರಗಳು 0.0081 ಮತ್ತು 0.00017. ಹತ್ತಿರ ಹತ್ತಿರ 48 ಪಟ್ಟು! ಅತಿ ಕಡಿಮೆ ಸಾಂದ್ರತೆಯ ಆ ಎರಡು ಬಿಂದುಗಳು ಗ್ರಾಫಿನ ಬಲತುದಿಯಲ್ಲಿ ಕೂತು ಇಡೀ ರೇಖೆಯನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತವೆ. ಹಾಗಾಗಿ ರೇಖೆಯಿಂದ ಸಿಗುವ ವಿಮ್ಯಾಕ್ಸ್ 195.8. ಆದರೆ ಅಳೆದ ವೇಗಗಳಲ್ಲೇ 200, 201, 207 ಇವೆಯಲ್ಲ? ಗರಿಷ್ಠ ವೇಗವೆಂದು ಬರೆಯುವ ಸಂಖ್ಯೆ ಕಣ್ಣೆದುರಿನ ಅಳತೆಗಳಿಗಿಂತ ಕಡಿಮೆ ಬಂದರೆ ಅದನ್ನು ಹೇಗೆ ಒಪ್ಪುವುದು? ಎನ್‌ಎಲ್‌ಎಸ್ ಸಾಂದ್ರತೆಗೂ ವೇಗಕ್ಕೂ ಇರುವ ಸಂಬಂಧ ಹೇಳುವ ಮೂಲ ಮೈಕೇಲಿಸ್–ಮೆಂಟೆನ್ ಸಮೀಕರಣವನ್ನೇ ಹೊಂದಿಸಿ 212.7 ಕೊಡುತ್ತದೆ. ಕೆಎಂ (ವಿಮ್ಯಾಕ್ಸ್‌ನ ಅರ್ಧ ವೇಗ ಸಿಗುವ ಸಾಂದ್ರತೆ) ಕೂಡ 0.048ರಿಂದ 0.064ಕ್ಕೆ ಏರುತ್ತದೆ.

ಎಕ್ಸೆಲ್‌ನ ಆರ್-ಸ್ಕ್ವೇರ್ 0.98 ಇದೆ ಎಂದಿದ್ದೀರಿ. ಅದು 1/ವೇಗಕ್ಕೆ ರೇಖೆ ಎಷ್ಟು ಹೊಂದಿತೆಂದು ಹೇಳುತ್ತದೆ, ವೇಗಕ್ಕಲ್ಲ.

ಇನ್ನು ನಿಮ್ಮ ಎರಡನೇ ಡೇಟಾಗೆ ಬಂದ ‘ಸಿಂಗ್ಯುಲರ್ ಗ್ರೇಡಿಯಂಟ್’ ಎರರ್. ಹೆಚ್ಚಾಗಿ ಇದು ಆರಂಭದ ಬೆಲೆಗಳು ತೀರ ಆಚೀಚೆ ಇದ್ದಾಗ ಬರುತ್ತದೆ. ವಿಮ್ಯಾಕ್ಸ್‌ಗೆ ನಿಮ್ಮ ಅತಿ ಹೆಚ್ಚಿನ ವೇಗಕ್ಕಿಂತ ತುಸು ಮೇಲಿನ ಸಂಖ್ಯೆ ಕೊಡಿ, ಕೆಎಂಗೆ ಅದರ ಅರ್ಧ ವೇಗ ಸಿಗುವ ಸಾಂದ್ರತೆ ಕೊಡಿ. ಆರ್‌ನಲ್ಲೇ ಇರುವ ಎಸ್‌ಎಸ್‌ಮಿಕ್‌ಮೆನ್ (SSmicmen) ಫಂಕ್ಷನ್ ಬಳಸಿದರೆ ಆರಂಭದ ಬೆಲೆಯನ್ನು ಅದೇ ಹುಡುಕಿಕೊಳ್ಳುತ್ತದೆ. ಆಗಲೂ ಆಗದಿದ್ದರೆ ಡೇಟಾವನ್ನೇ ಗ್ರಾಫಿನಲ್ಲಿ ಹಾಕಿ ನೋಡಿ. ಸಾಂದ್ರತೆಗಳೆಲ್ಲ ಕೆಎಂಗಿಂತ ತೀರ ಕಡಿಮೆ ಇದ್ದರೆ ರೇಖೆ ಬಾಗುವುದೇ ಇಲ್ಲ. ಆಗ ಗೊತ್ತಾಗುವುದು ವಿಮ್ಯಾಕ್ಸ್/ಕೆಎಂ ಅನುಪಾತ ಮಾತ್ರ, ಎರಡನ್ನೂ ಬಿಡಿಸಿ ಹೇಳಲು ಯಾವ ಸಾಫ್ಟ್‌ವೇರಿನಿಂದಲೂ ಆಗದು. ಕಿಣ್ವ ಉಳಿದಿದ್ದರೆ ಹೆಚ್ಚಿನ ಸಾಂದ್ರತೆಯಲ್ಲಿ ಇನ್ನಷ್ಟು ಅಳತೆ ತೆಗೆದುಕೊಳ್ಳಿ.

ಹೊಂದಿಸಿದ ಮೇಲೆ ರೆಸಿಡ್ಯುಯಲ್‌ಗಳನ್ನು (ಅಳೆದ ವೇಗಕ್ಕೂ ಹೊಂದಿಸಿದ ರೇಖೆಯ ವೇಗಕ್ಕೂ ಇರುವ ವ್ಯತ್ಯಾಸಗಳನ್ನು) ದಯವಿಟ್ಟು ನೋಡಿ. ವೇಗ ಹೆಚ್ಚಿದಂತೆ ಅವು ಅಗಲವಾಗಿ ಹರಡುತ್ತಿದ್ದರೆ ಎನ್‌ಎಲ್‌ಎಸ್‌ಗೆ ವೇಟ್ಸ್ (ಯಾವ ಅಳತೆಗೆ ಎಷ್ಟು ತೂಕ ಎಂಬುದು) ಕೊಡಬೇಕಾಗುತ್ತದೆ. ಗೈಡ್‌ಗೆ ಸರಳರೇಖೆಯ ಚಿತ್ರ ಬೇಕೇ ಬೇಕೆಂದಿದ್ದರೆ ಅದನ್ನೂ ಹಾಕಿ, ತೊಂದರೆಯಿಲ್ಲ. ಕೋಷ್ಟಕದಲ್ಲಿ ಮಾತ್ರ ಎನ್‌ಎಲ್‌ಎಸ್ ಅಂಕಿಗಳು, ಜೊತೆಗೆ ಅವುಗಳ ಸ್ಟ್ಯಾಂಡರ್ಡ್ ಎರರ್ ಇರಲಿ.