ಮೈಲುತುತ್ತಕ್ಕೆ ಆ ನೀಲಿ ಎಲ್ಲಿಂದ ಬಂತು?

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರ ಪತ್ರ: "ಬೆಳಕಿನಿಂದ ಅಣುಗಳನ್ನು ಅಭ್ಯಾಸ ಮಾಡುವ ಸಂಶೋಧಕರ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾಲ್ಕು ಪುಟ ಹಾಕಿದ್ದೀರಿ. ಎಲೆಚುಕ್ಕಿ ರೋಗಕ್ಕೆ ತೋಟ ಹಾಳಾಗುತ್ತಿರುವಾಗ ಇದರಿಂದ ನಮಗೇನು? ಬಿ.ಎಸ್ಸಿ. ಕೊನೆಯ ವರ್ಷದಲ್ಲಿರುವ ಮಗಳು ತಾನೂ ಇದನ್ನೇ ಓದುತ್ತೇನೆ ಅಂತ ಕೂತಿದ್ದಾಳೆ. ಏನು ಹೇಳಲಿ?"

ಸಂಪಾದಕರ ಉತ್ತರ:

ಎಲೆಚುಕ್ಕಿಗೆ ಈ ಸಂಶೋಧನೆಯಲ್ಲಿ ಔಷಧಿ ಇಲ್ಲ. ಅದು ಶಿಲೀಂಧ್ರದ ಕಾಟ. ಅದಕ್ಕೆ ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯದಂಥ ಕಡೆಯ ಸಸ್ಯರೋಗ ತಜ್ಞರೇ ಬೇಕು. ಆದರೂ ಆ ನಾಲ್ಕು ಪುಟ ದಂಡವಾಯಿತು ಅಂತ ನನಗೆ ಅನ್ನಿಸುವುದಿಲ್ಲ.

ಅಡಿಕೆಗೆ ಕೊಳೆರೋಗ ಬರದಿರಲಿ ಅಂತ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಸುತ್ತೀರಿ, ಅಲ್ವಾ? ಅದಕ್ಕೆ ಹಾಕುವ ಮೈಲುತುತ್ತದ (ಕಾಪರ್ ಸಲ್ಫೇಟ್) ಹರಳು ಕಡು ನೀಲಿ. ಹರಳಿನೊಳಗಿನ ತಾಮ್ರದ ಸುತ್ತ ನೀರಿನ ಅಣುಗಳು ಕೂತಿರುತ್ತವೆ. ಹಾಗೆ ಕೂತಾಗ ತಾಮ್ರ ಬಿಸಿಲಿನ ಕೆಂಪು ಭಾಗವನ್ನು ನುಂಗುತ್ತದೆ. ಉಳಿದದ್ದು ನಮ್ಮ ಕಣ್ಣಿಗೆ ನೀಲಿ. ಹರಳನ್ನು ಕಾಯಿಸಿದರೆ ನೀರು ಆವಿಯಾಗಿ ಹೋಗಿ ಬೆಳ್ಳನೆಯ ಪುಡಿ ಉಳಿಯುತ್ತದೆ. ತಾಮ್ರ ಅದೇ, ಆದರೆ ಅದು ನುಂಗುವ ಬೆಳಕು ಕಣ್ಣಿಗೆ ಕಾಣದ ಕಡೆಗೆ ಸರಿದಿರುತ್ತದೆ. ಒಂದು ಹನಿ ನೀರು ಬಿಡಿ, ಮತ್ತೆ ನೀಲಿ! ಮಗಳು ಇದನ್ನು ಕಾಲೇಜಿನ ಲ್ಯಾಬಿನಲ್ಲಿ ನೋಡಿಯೇ ಇರುತ್ತಾಳೆ, ಕೇಳಿ ನೋಡಿ.

ಆ ಸಂಶೋಧಕರ ಕೆಲಸವೂ ಇದೇ ಜಾತಿಯದು. ಯಾವ ಬೆಳಕನ್ನು ನುಂಗಿತು ಅಂತ ಅಳೆದರೆ ಅಣು ಯಾವುದು, ಅದರ ಪಕ್ಕದಲ್ಲಿ ಏನಿದೆ ಎರಡೂ ಗೊತ್ತಾಗುತ್ತವೆ. ನೀರಿನ ಅಣುವನ್ನೇ ತೆಗೆದುಕೊಳ್ಳಿ. ಅದರ ಆಕ್ಸಿಜನ್, ಹೈಡ್ರೋಜನ್‌ಗಳು ಸುಮ್ನೆ ಇರುವುದಿಲ್ಲ. ಸೆಕೆಂಡಿಗೆ ಸುಮಾರು ಒಂದು ಕೋಟಿ ಕೋಟಿ ಸಲ ಹತ್ತಿರ ಬಂದು ದೂರ ಹೋಗುತ್ತವೆ. ಆವಿಯಲ್ಲಿ ಒಂಟಿಯಾಗಿದ್ದಾಗ ಒಂದು ವೇಗ. ಹನಿಯಾಗಿ ಪಕ್ಕದ ಅಣುವನ್ನು ಹಿಡಿದುಕೊಂಡ ಕೂಡಲೇ ವೇಗ ಸ್ವಲ್ಪ ತಗ್ಗುತ್ತದೆ. ಆ ಸ್ವಲ್ಪವನ್ನು ಅಳೆದೇ ಅಣುಗಳ ಹಿಡಿತ ಎಷ್ಟು ಬಿಗಿ ಅಂತ ಲೆಕ್ಕ ಹಾಕುತ್ತಾರೆ. ಆಗುಂಬೆಯ ಮಂಜಿನಲ್ಲೂ ನಮ್ಮ ಮೈಯ ಪ್ರೋಟೀನಿನಲ್ಲೂ ಕೆಲಸ ಮಾಡುವ ಹಿಡಿತ ಇದು. ಇದನ್ನು ತಿಳಿಯಲು ಒಬ್ಬರು ಆಯುಷ್ಯ ಕೊಟ್ಟರೆ ನನಗೆ ಅದು ಜಾಸ್ತಿ ಅನ್ನಿಸುವುದಿಲ್ಲ.

ಉಪಯೋಗದ ಮಾತಿಗೆ ಬರುತ್ತೇನೆ. ಸಿ.ವಿ. ರಾಮನ್ ಅವರು ಕೋಲ್ಕತ್ತದಲ್ಲಿ ತಮ್ಮ ಪರಿಣಾಮವನ್ನು ಕಂಡದ್ದು 1928ರ ಫೆಬ್ರವರಿ 28ರಂದು. ಚದುರಿದ ಬೆಳಕಿನಲ್ಲಿ ಒಂದಿಷ್ಟು ಬಣ್ಣ ಬದಲಿಸಿಕೊಂಡು ಬರುತ್ತದೆ, ಆ ಬದಲಾವಣೆಯಲ್ಲಿ ಅಣುವಿನ ಗುರುತು ಇರುತ್ತದೆ. 1930ರಲ್ಲಿ ನೊಬೆಲ್ ಬಂತು. ಆದರೆ ಆ ಬೆಳಕು ತೀರಾ ಮಂಕು, ಅಳೆಯುವುದೇ ಹರಸಾಹಸ. 1960ರಲ್ಲಿ ಲೇಸರ್ ಬಂದ ಮೇಲೆ ಅದರ ದೆಸೆ ತಿರುಗಿತು. ಈಗ ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಯಂತ್ರದಿಂದ, ಬಾಟಲಿಯ ಮುಚ್ಚಳ ತೆಗೆಯದೆಯೇ, ಒಳಗಿರುವ ಔಷಧಿ ಅಸಲಿಯೋ ನಕಲಿಯೋ ಅಂತ ನೋಡುತ್ತಾರೆ. 1928ರಲ್ಲೇ "ಇದರಿಂದ ನಮಗೇನು?" ಅಂತ ಪಟ್ಟು ಹಿಡಿದಿದ್ದರೆ ಯಾರ ಬಳಿಯೂ ಉತ್ತರ ಇರುತ್ತಿರಲಿಲ್ಲ.

ಮಗಳನ್ನು ತಡೆಯಬೇಡಿ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ನಿಮಗೆ ದೂರವಲ್ಲ, ಭೌತಶಾಸ್ತ್ರ, ರಸಾಯನಶಾಸ್ತ್ರ ಎರಡರಲ್ಲೂ ಅಲ್ಲಿ ಎಂ.ಎಸ್ಸಿ. ಇದೆ. ಯಾವುದನ್ನು ತೆಗೆದುಕೊಂಡರೂ ಈ ಕಡೆಗೆ ದಾರಿ ಉಂಟು. ಗಣಿತವನ್ನು ಮಾತ್ರ ಕೈಬಿಡಬಾರದು, ಅದಿಲ್ಲದೆ ಮುಂದೆ ಬಹಳ ಕಷ್ಟ. ಲೇಖನದಲ್ಲಿ ಅರ್ಥವಾಗದ್ದು ಏನಾದರೂ ಇದ್ದರೆ ಅವಳೇ ನಮಗೆ ಬರೆಯಲಿ, ಆ ಸಂಶೋಧಕರಿಗೇ ತಲುಪಿಸುತ್ತೇವೆ.